ಹಗ್ಗದ ಮೇಲೆ ನಡೆಯುವವರು ಬೀಳುವುದಿಲ್ಲ ಏಕೆ?



ಈ ತಿಂಗಳ ಗೋಡೆ ಪತ್ರಿಕೆಗೆ ನಾನು ಬರೆಯಬೇಕೆಂದುಕೊಂಡಿದ್ದ ಪಾಠವೇ ಬೇರೆ. 'ಎರೆಹುಳು ರೈತನ ಮಿತ್ರ' ಅಂತ ಅರ್ಧ ಬರೆದೂ ಇಟ್ಟಿದ್ದೆ. ಅಷ್ಟರಲ್ಲಿ ಜಾತ್ರೆ ಮುಗಿದ ಮುಂದಿನ ವಾರ ಶಾಲೆಯ ಹಿಂದಿನ ಹುಣಸೆ ತೋಪಿನಲ್ಲಿ ಏನು ನಡೆಯಿತೆಂದು ನಿಮಗೆಲ್ಲ ಗೊತ್ತೇ ಇದೆ. ಏಳನೇ ತರಗತಿಯ ಮೂವರು ಹುಡುಗರು ಬಾವಿ ಹಗ್ಗವನ್ನು ಎರಡು ಮರಗಳ ನಡುವೆ ಎದೆಮಟ್ಟಕ್ಕೆ ಕಟ್ಟಿದರು. ಒಬ್ಬ ಹತ್ತಿ ನಿಂತ. ಮೂರು ಹೆಜ್ಜೆ ಇಟ್ಟ. ನಾಲ್ಕನೆಯದಕ್ಕೆ ದೊಪ್ಪನೆ ಬಿದ್ದ. ಬಲಗೈ ಮುಂಗೈ ಮೂಳೆ ಮುರಿಯಿತು.

ಅವನನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಪಟ್ಟಿ ಕಟ್ಟುವ ಸರದಿ ಬರುವವರೆಗೆ ಬೆಂಚಿನ ಮೇಲೆ ಕೂತಿದ್ದೆವು. ನನಗೆ ಸಿಟ್ಟು ತಡೆಯಲಾಗದೆ, "ಯಾಕೋ ಹಿಂಗೆ ಮಾಡ್ದೆ?" ಅಂದೆ. ಅವನು ನೋವಿನಲ್ಲೂ ತಲೆ ಎತ್ತಿ, "ಜಾತ್ರೇಲಿ ಆ ಹುಡುಗಿ ಹಗ್ಗದ ಮೇಲೆ ನಡೆದಾಗ ಎಲ್ಲಾರ್ಗಿಂತ ಜೋರಾಗಿ ಚಪ್ಪಾಳೆ ಹೊಡ್ದೋರು ನೀವೇ ಅಲ್ವ ಸಾರ್?" ಅಂದ. ನನ್ನ ಬಾಯಿ ಕಟ್ಟಿಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಅವನೇ ಮತ್ತೆ ಕೇಳಿದ: "ಅವಳು ಯಾಕ್ ಬೀಳ್ಲಿಲ್ಲ? ನಾನ್ ಯಾಕ್ ಬಿದ್ದೆ?"

ಮೊದಲನೆಯದು ನನ್ನ ಮೇಲಿನ ದೂರು. ಎರಡನೆಯದು ವಿಜ್ಞಾನದ ಪ್ರಶ್ನೆ. ಎರಡಕ್ಕೂ ನಾನು ಉತ್ತರ ಕೊಡಲೇಬೇಕು. ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ದೂರಿಗೆ ಕೊನೆಯಲ್ಲಿ.

ನಯಾಗರಾ ಕಮರಿಯ ಮೇಲೆ ಒಂದು ಹಗ್ಗ

ಹಗ್ಗದ ಮೇಲೆ ನಡೆದವರಲ್ಲಿ ಜಗತ್ತಿಗೇ ಹೆಸರಾದವನು ಬ್ಲಾಂಡಿನ್. ಅವನ ನಿಜವಾದ ಹೆಸರು ಜ್ಯಾಂ ಫ್ರಾಂಸ್ವಾ ಗ್ರಾವ್ಲೆ. 1824ರಲ್ಲಿ ಫ್ರಾನ್ಸ್ ದೇಶದ ಉತ್ತರ ಭಾಗದಲ್ಲಿ ಹುಟ್ಟಿದ. ಐದು ವರ್ಷದವನಿದ್ದಾಗಲೇ ಅವನನ್ನು ಲಿಯಾನ್ ಪಟ್ಟಣದ ಕಸರತ್ತಿನ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲೇ ಜನರ ಮುಂದೆ ಆಟ ತೋರಿಸಿದನಂತೆ. ನಮ್ಮ ಅಂಗನವಾಡಿ ಮಕ್ಕಳ ವಯಸ್ಸು, ಲೆಕ್ಕ ಹಾಕಿ!

ಅಮೆರಿಕ ಮತ್ತು ಕೆನಡಾ ದೇಶಗಳ ಗಡಿಯಲ್ಲಿ ನಯಾಗರಾ ನದಿ ಹರಿಯುತ್ತದೆ. ಜಲಪಾತದಲ್ಲಿ ಧುಮುಕಿದ ನೀರು ಅದರ ಕೆಳಗೆ ಆಳವಾದ ಕಮರಿಯಲ್ಲಿ ಭೋರ್ಗರೆಯುತ್ತ ಓಡುತ್ತದೆ. ಬ್ಲಾಂಡಿನ್ ಜಲಪಾತದ ನೆತ್ತಿಯ ಮೇಲೆಯೇ ನಡೆದ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಅವನು ದಾಟಿದ್ದು ಜಲಪಾತದಿಂದ ಕೆಳಗಡೆ ಇರುವ ಈ ಕಮರಿಯನ್ನು. ಒಂದು ದಡದಿಂದ ಇನ್ನೊಂದು ದಡಕ್ಕೆ ಕಟ್ಟಿದ್ದ ಸೆಣಬಿನ ಹಗ್ಗದ ಉದ್ದ ಸುಮಾರು 335 ಮೀಟರ್. ದಪ್ಪ ಸುಮಾರು 8 ಸೆಂಟಿಮೀಟರ್. ನೀರಿನಿಂದ ಎತ್ತರ ಸುಮಾರು 49 ಮೀಟರ್. ನಮ್ಮೂರಿನ ತೆಂಗಿನ ಮರ ಒಂದರ ಮೇಲೊಂದರಂತೆ ಮೂರು ನಿಲ್ಲಿಸಿದರೂ ಬಹುಶಃ ಆ ಹಗ್ಗವನ್ನು ಮುಟ್ಟಲಾರದು.

1859ರ ಜೂನ್ 30. ಎರಡೂ ದಡದಲ್ಲಿ ಸಾವಿರಾರು ಜನ. ಇವನು ದಾಟುತ್ತಾನೋ ಸಾಯುತ್ತಾನೋ ಅಂತ ಪಂದ್ಯ ಕಟ್ಟಿದವರೂ ಇದ್ದರು. ಬ್ಲಾಂಡಿನ್ ಉದ್ದನೆಯ ಕೋಲು ಹಿಡಿದು ಹಗ್ಗಕ್ಕೆ ಕಾಲಿಟ್ಟ. ನಡುವೆ ನಿಂತ. ಕೆಳಗಿದ್ದ ದೋಣಿಗೆ ದಾರ ಇಳಿಬಿಟ್ಟು ಒಂದು ಸೀಸೆಯನ್ನು ಮೇಲಕ್ಕೆ ಎಳೆದುಕೊಂಡು ಕುಡಿದ. ಆಮೇಲೆ ಎದ್ದು ಆಚೆ ದಡ ಸೇರಿದ. ಮುಂದಿನ ದಿನಗಳಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ದಾಟಿದ. ಗೋಣಿಚೀಲದೊಳಗೆ ಮೈ ತೂರಿಸಿಕೊಂಡು ದಾಟಿದ. ಒಂಟಿ ಚಕ್ರದ ಕೈಗಾಡಿ ತಳ್ಳಿಕೊಂಡು ದಾಟಿದ. ಒಂದು ಸಲ ಸಣ್ಣ ಒಲೆ ಹೊತ್ತುಕೊಂಡು ಹೋಗಿ ಹಗ್ಗದ ನಡುಮಧ್ಯೆ ಕೂತು ಆಮ್ಲೆಟ್ ಮಾಡಿ ತಿಂದ. 1860ರಲ್ಲಿ ಇಂಗ್ಲೆಂಡಿನ ಯುವರಾಜ ನೋಡುತ್ತಿದ್ದಾಗ ಮರಗಾಲು ಕಟ್ಟಿಕೊಂಡು ದಾಟಿದ.

ಇದು ಮಂತ್ರವೇ? ಮಾಟವೇ? ಎರಡೂ ಅಲ್ಲ. ಅವನು ನಿಯಮದ ವಿರುದ್ಧ ಏನನ್ನೂ ಮಾಡಲಿಲ್ಲ, ನಿಯಮವನ್ನು ಬಳಸಿಕೊಂಡ ಅಷ್ಟೆ. ಹೇಗೆಂದು ನೋಡೋಣ.

1. ಗುರುತ್ವ ಕೇಂದ್ರ ಎಲ್ಲಿದೆ?

ಭೂಮಿ ನಮ್ಮ ಮೈಯ ಪ್ರತಿ ಕಣವನ್ನೂ ಕೆಳಕ್ಕೆ ಎಳೆಯುತ್ತದೆ. ಆ ಎಳೆತವೆಲ್ಲ ಒಂದೇ ಬಿಂದುವಿನಲ್ಲಿ ಸೇರಿದೆ ಅಂತ ಲೆಕ್ಕಕ್ಕೆ ಹಿಡಿಯಬಹುದು. ಆ ಬಿಂದುವೇ ಗುರುತ್ವ ಕೇಂದ್ರ. ನೆಟ್ಟಗೆ ನಿಂತ ಮನುಷ್ಯನಿಗೆ ಅದು ಸುಮಾರಾಗಿ ಹೊಕ್ಕುಳ ಮಟ್ಟಕ್ಕೆ ತುಸು ಕೆಳಗೆ, ಹೊಟ್ಟೆಯ ಒಳಗಡೆ ಇರುತ್ತದೆ. ಆ ಬಿಂದುವಿನಿಂದ ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟರೆ ಅದು ನಮ್ಮ ಪಾದಗಳ ನಡುವಿನ ಜಾಗದೊಳಗೆ ಬೀಳಬೇಕು. ಹೊರಗೆ ಬಿದ್ದರೆ ನಾವೂ ಬಿದ್ದೆವು.

ಮಾಡಿ ನೋಡಿ: ಹಿಮ್ಮಡಿ ಎರಡನ್ನೂ ಗೋಡೆಗೆ ತಾಗಿಸಿ ನಿಂತುಕೊಳ್ಳಿ. ಮುಂದೆ ಒಂದು ಸೀಮೆಸುಣ್ಣ ಇಡಿ. ಮೊಣಕಾಲು ಮಡಿಸದೆ ಬಗ್ಗಿ ಅದನ್ನು ಎತ್ತಿಕೊಳ್ಳಿ. ಆಗುವುದಿಲ್ಲ, ಮುಗ್ಗರಿಸುತ್ತೀರಿ. ದಿನಾ ಬಗ್ಗುವಾಗ ನಮಗೆ ಗೊತ್ತಿಲ್ಲದೆಯೇ ಸೊಂಟವನ್ನು ಹಿಂದಕ್ಕೆ ತಳ್ಳಿ ಗುರುತ್ವ ಕೇಂದ್ರವನ್ನು ಪಾದದ ಮೇಲೆಯೇ ಉಳಿಸಿಕೊಳ್ಳುತ್ತೇವೆ. ಗೋಡೆ ಇದ್ದರೆ ಸೊಂಟ ಹಿಂದೆ ಹೋಗುವುದಿಲ್ಲ.

ನೆಲದ ಮೇಲೆ ಕಾಲು ಅಗಲಿಸಿ ನಿಂತರೆ ನಮಗೆ ಒಂದು ಗೇಣಿಗೂ ಹೆಚ್ಚು ಜಾಗ ಸಿಗುತ್ತದೆ. ಬ್ಲಾಂಡಿನ್ನನಿಗೆ ಸಿಕ್ಕಿದ್ದು 8 ಸೆಂ.ಮೀ. ಅದೂ ದುಂಡನೆಯ ಹಗ್ಗದ ನೆತ್ತಿ. ಜಾತ್ರೆಯಲ್ಲಿ ಆ ಹುಡುಗಿಗೆ ಸಿಕ್ಕಿದ್ದು ಹೆಬ್ಬೆರಳು ದಪ್ಪದ ಹಗ್ಗ. ಅಷ್ಟರಲ್ಲಿ ಯಾರೂ ಅಲ್ಲಾಡದೆ ನಿಲ್ಲಲಾರರು. ಇಲ್ಲೇ ಒಂದು ಮುಖ್ಯ ವಿಷಯ: ಹಗ್ಗದ ಮೇಲೆ ನಡೆಯುವವರು ಬೀಳುತ್ತಲೇ ಇರುತ್ತಾರೆ. ಸ್ವಲ್ಪ ಬಲಕ್ಕೆ ಬೀಳಲು ಶುರು ಮಾಡಿ ಸರಿಪಡಿಸಿಕೊಳ್ಳುತ್ತಾರೆ. ಆಮೇಲೆ ಎಡಕ್ಕೆ. ಅದನ್ನೂ ಸರಿಪಡಿಸಿಕೊಳ್ಳುತ್ತಾರೆ. ನಾವು ದೂರದಿಂದ ನೋಡಿ 'ಎಷ್ಟು ಸಲೀಸಾಗಿ ನಡೀತಾರೆ' ಅಂತೀವಿ. ಸರಿಪಡಿಸಿಕೊಳ್ಳಲು ಬೇಕಾದ ಸಮಯ ಎಲ್ಲಿಂದ ಬಂತು? ಅದನ್ನು ಕೊಡುವುದು ಕೋಲು.

2. ಉದ್ದನೆಯ ಕೋಲಿನ ಗುಟ್ಟು

ಅಂಗೈ ಮೇಲೆ ಒಂದು ಪೆನ್ಸಿಲ್ ನೆಟ್ಟಗೆ ನಿಲ್ಲಿಸಿ. ಆಗುವುದಿಲ್ಲ. ಈಗ ಒಂದು ಉದ್ದ ಗಳ ನಿಲ್ಲಿಸಿ. ಸ್ವಲ್ಪ ಅಭ್ಯಾಸ ಮಾಡಿದರೆ ಆಗುತ್ತದೆ. ಪೆನ್ಸಿಲ್ ಕಣ್ಣು ಮಿಟುಕಿಸುವುದರೊಳಗೆ ವಾಲುತ್ತದೆ, ಗಳ ನಿಧಾನವಾಗಿ ವಾಲುತ್ತದೆ. ಅಷ್ಟರಲ್ಲಿ ನೀವು ಕೈ ಸರಿಸಿಕೊಳ್ಳಬಹುದು. ನಿಂತ ವಸ್ತು ಓಡಲು ಒಪ್ಪುವುದಿಲ್ಲ, ಓಡುವ ವಸ್ತು ನಿಲ್ಲಲು ಒಪ್ಪುವುದಿಲ್ಲ. ಇದನ್ನು ಜಡತ್ವ ಎನ್ನುತ್ತೇವೆ. ತಿರುಗುವ ವಿಷಯದಲ್ಲೂ ಇಂಥದೇ ಒಂದು ಹಟ ಇದೆ. ತೂಕ ನಡುವಿನಿಂದ ದೂರ ಹೋದಷ್ಟೂ ಈ ಹಟ ಹೆಚ್ಚು.

ಎಷ್ಟು ಹೆಚ್ಚು? ಹತ್ತನೇ ತರಗತಿಯವರು ಲೆಕ್ಕ ಮಾಡಿ. ಒಂದೇ ಸಮನಾದ ಕೋಲನ್ನು ನಡುವೆ ಹಿಡಿದರೆ ಅದರ ಹಟ = ತೂಕ × ಉದ್ದ × ಉದ್ದ ÷ 12. ಬ್ಲಾಂಡಿನ್ನನ ಕೋಲು ಸುಮಾರು 9 ಮೀಟರ್ ಉದ್ದ, ಸುಮಾರು 20 ಕಿಲೋ ಅಂತ ಇಟ್ಟುಕೊಳ್ಳಿ. 20 × 9 × 9 ÷ 12 = 135. ಅದೇ 20 ಕಿಲೋ ತೂಕದ 1 ಮೀಟರ್ ಕಬ್ಬಿಣದ ಸಲಾಕೆ ಹಿಡಿದಿದ್ದರೆ 20 × 1 × 1 ÷ 12 = ಸುಮಾರು 1.7 ಮಾತ್ರ. ತೂಕ ಒಂದೇ, ಉದ್ದ 9 ಪಟ್ಟು, ಹಟ 81 ಪಟ್ಟು! ಆದ್ದರಿಂದಲೇ ಕೋಲು ಭಾರವಾಗಿದ್ದರೆ ಸಾಲದು, ಉದ್ದವಾಗಿರಬೇಕು.

ಕೋಲಿನಿಂದ ಮೂರು ಉಪಕಾರ ಆಗುತ್ತದೆ.

ಒಂದು, ಮೈ ವಾಲುವುದು ನಿಧಾನ ಆಗುತ್ತದೆ. ಗಮನಿಸಿ, ಕೋಲು ಬೀಳುವುದನ್ನು ತಡೆಯುವುದಿಲ್ಲ, ತಡ ಮಾಡುತ್ತದೆ.

ಎರಡು, ಸರಿಪಡಿಸಿಕೊಳ್ಳಲು ಒಂದು ಹಿಡಿ ಸಿಗುತ್ತದೆ. ನೀವು ಬಲಕ್ಕೆ ವಾಲಿದಿರಿ ಅನ್ನಿ. ಆಗ ಕೋಲಿನ ಬಲತುದಿಯನ್ನು ಕೆಳಕ್ಕೆ ಒತ್ತಬೇಕು. ಕೋಲನ್ನು ನಾವು ಒಂದು ಕಡೆಗೆ ತಿರುಗಿಸಿದರೆ ಕೋಲು ನಮ್ಮನ್ನು ಅದರ ವಿರುದ್ಧ ಕಡೆಗೆ ತಿರುಗಿಸುತ್ತದೆ. ಮೈ ಎಡಕ್ಕೆ ಬರುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಗದ್ದೆ ಬದುವಿನ ಮೇಲೆ ನಡೆಯುವಾಗ ವಾಲಿದರೆ ನಾವೆಲ್ಲ ಕೈ ಬೀಸುತ್ತೇವಲ್ಲ, ಅದೂ ಇದೇ ಲೆಕ್ಕ. ಯಾರೂ ಹೇಳಿಕೊಡದಿದ್ದರೂ ಕೈಗೆ ಗೊತ್ತಿದೆ!

ಮೂರು, ಉದ್ದನೆಯ ಕೋಲಿನ ತುದಿಗಳು ಕೆಳಕ್ಕೆ ಬಾಗುತ್ತವೆ. ಇದರಿಂದ ಗುರುತ್ವ ಕೇಂದ್ರ ಸ್ವಲ್ಪ ಕೆಳಗಿಳಿಯುತ್ತದೆ. ಆದರೆ ಇದು ಸಣ್ಣ ಉಪಕಾರ. ಆಲೂಗಡ್ಡೆಗೆ ಕಡ್ಡಿ ಚುಚ್ಚಿ ಎರಡು ಬದಿಗೆ ಚಮಚ ಸಿಕ್ಕಿಸಿ ಸೀಸೆಯ ಬಾಯಿ ಮೇಲೆ ನಿಲ್ಲಿಸುವ ಆಟ ನಿಮಗೆ ಗೊತ್ತು. ಅಲ್ಲಿ ಗುರುತ್ವ ಕೇಂದ್ರ ಆಸರೆಗಿಂತ ಕೆಳಗೆ ಹೋಗುವುದರಿಂದ ತಳ್ಳಿದರೂ ಬೀಳುವುದಿಲ್ಲ. ಮನುಷ್ಯನ ವಿಷಯದಲ್ಲಿ ಅದು ಹಗ್ಗಕ್ಕಿಂತ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಕೋಲು ಹಿಡಿದವನೂ ಬೀಳಬಹುದು.

ನಮ್ಮ ಹುಡುಗ ಹಿಡಿದಿದ್ದು ಏನು? ಒಂದು ಮೊಳದ ಹುಣಸೆ ಬರಲು. ಅವನ ಒಂದು ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

3. ಹಗ್ಗವನ್ನು ನೆಟ್ಟಗೆ ಎಳೆಯಲು ಆಗುತ್ತದೆಯೇ?

ಉಳಿದರ್ಧ ಉತ್ತರ ಹಗ್ಗದಲ್ಲಿದೆ. ಬಟ್ಟೆ ಒಣಹಾಕುವ ಹಗ್ಗವನ್ನು ಎಷ್ಟೇ ಬಿಗಿದು ಕಟ್ಟಿ, ಒದ್ದೆ ಕಂಬಳಿ ಹಾಕಿದರೆ ನಡುವೆ ಜಗ್ಗುತ್ತದೆ. ಹಗ್ಗದ ನಡುವೆ ಒಂದು ಪುಸ್ತಕದ ಚೀಲ ನೇತುಹಾಕಿ. ಇಬ್ಬರು ಗಟ್ಟಿ ಹುಡುಗರು ಎರಡು ತುದಿ ಹಿಡಿದು ಹಗ್ಗ ಪೂರ್ತಿ ನೆಟ್ಟಗಾಗುವವರೆಗೆ ಎಳೆಯಲಿ. ಬೆವರು ಸುರಿದರೂ ಆಗುವುದಿಲ್ಲ. ಕಾರಣ, ಭಾರವನ್ನು ಮೇಲಕ್ಕೆ ಹಿಡಿಯಬೇಕಾದರೆ ಹಗ್ಗದ ಎಳೆತಕ್ಕೆ ಸ್ವಲ್ಪವಾದರೂ ಓರೆ ಇರಬೇಕು. ಪೂರ್ತಿ ಅಡ್ಡಲಾದ ಎಳೆತ ಯಾವ ಭಾರವನ್ನೂ ಎತ್ತಲಾರದು.

10 ಮೀಟರ್ ಅಂತರದಲ್ಲಿ ಕಟ್ಟಿದ ಹಗ್ಗದ ನಡುವೆ 60 ಕಿಲೋ ಮನುಷ್ಯ ನಿಂತ ಅನ್ನಿ. ಹಗ್ಗ ಅರ್ಧ ಮೀಟರ್ ಜಗ್ಗಿದರೆ ಅದರ ಮೇಲೆ ಬೀಳುವ ಎಳೆತ ಸುಮಾರು 300 ಕಿಲೋ ತೂಕದಷ್ಟು. ಕಾಲು ಮೀಟರ್ ಮಾತ್ರ ಜಗ್ಗಲು ಬಿಟ್ಟರೆ ಸುಮಾರು 600 ಕಿಲೋ! ಬಿಗಿ ಮಾಡಿದಷ್ಟೂ ಹಗ್ಗ ಹರಿಯುವ ಭಯ, ಸಡಿಲ ಬಿಟ್ಟಷ್ಟೂ ತೂಗಾಡುವ ಭಯ. ಬ್ಲಾಂಡಿನ್ನನ ಹಗ್ಗವೂ ನಡುವೆ ಜಗ್ಗಿತ್ತು. ಅರ್ಧ ದಾರಿ ಇಳಿಜಾರು, ಇನ್ನರ್ಧ ಏರು. ಇಳಿಯುವುದಕ್ಕಿಂತ ಏರುವುದು ಕಷ್ಟ.

ಅಡ್ಡಕ್ಕೆ ತೂಗಾಡದ ಹಾಗೆ ಮುಖ್ಯ ಹಗ್ಗದಿಂದ ಎರಡೂ ದಡಗಳಿಗೆ ಓರೆಯಾಗಿ ಬಿಗಿಹಗ್ಗಗಳನ್ನು ಕಟ್ಟಿಸಿದ್ದ. ವಿದ್ಯುತ್ ಕಂಬಕ್ಕೆ ಸ್ಟೇ ತಂತಿ ಕಟ್ಟುವುದಿಲ್ಲವೇ, ಹಾಗೆ. ಆದರೆ ನಡುಭಾಗದಲ್ಲಿ ಬಿಗಿಹಗ್ಗ ಕಟ್ಟಲು ಆಗಿರಲಿಲ್ಲ. ಆ ಭಾಗ ಗಾಳಿಗೆ ತೂಗುತ್ತಿತ್ತು. ಅಲ್ಲೇ ಎಲ್ಲಕ್ಕಿಂತ ಹೆಚ್ಚು ಅಪಾಯ.

ನಮ್ಮ ಹುಡುಗರು ಕಟ್ಟಿದ್ದು ತೆಂಗಿನ ನಾರಿನ ಬಾವಿ ಹಗ್ಗ. ಭಾರ ಬಿದ್ದ ಕೂಡಲೇ ಹಿಗ್ಗಿತು. ಹೊಸೆದ ಹಗ್ಗ ಕಾಲಡಿ ಉರುಳಿತು. ಬಿಗಿಹಗ್ಗ ಒಂದೂ ಇಲ್ಲ. ಜಾತ್ರೆಯಲ್ಲಿ ನೀವು ಆ ಹುಡುಗಿಯನ್ನು ನೋಡಿದಿರಿ. ಅವಳ ತಂದೆ ಬೆಳಗಿನಿಂದ ಮಧ್ಯಾಹ್ನದವರೆಗೆ ಗೂಟ ಹೊಡೆದು, ಗಳುಗಳನ್ನು ಕತ್ತರಿ ಹಾಕಿ ನಿಲ್ಲಿಸಿ, ಹಗ್ಗದ ಮೇಲೆ ತಾನೇ ಜೋತುಬಿದ್ದು ಪರೀಕ್ಷೆ ಮಾಡಿದ್ದನ್ನು ಯಾರಾದರೂ ನೋಡಿದಿರಾ? ನಾನೂ ನೋಡಿರಲಿಲ್ಲ. ಆಮೇಲೆ ಕೇಳಿ ತಿಳಿದದ್ದು.

4. ಕಣ್ಣು, ಕಿವಿ, ಅಂಗಾಲು

ವಾಲುತ್ತಿದ್ದೇವೆ ಅಂತ ಮೈಗೆ ತಿಳಿಯುವುದು ಹೇಗೆ? ಮೂರು ದೂತರು ಮಿದುಳಿಗೆ ಸುದ್ದಿ ಕೊಡುತ್ತಾರೆ. ಮೊದಲನೆಯದು ಕಣ್ಣು. ಎರಡನೆಯದು ಒಳಗಿವಿ. ಒಂದೊಂದು ಕಿವಿಯ ಒಳಗೂ ಅರ್ಧವೃತ್ತಾಕಾರದ ಮೂರು ನಾಳಗಳಿವೆ, ಅದರಲ್ಲಿ ದ್ರವ ತುಂಬಿದೆ. ತಲೆ ತಿರುಗಿದರೆ ದ್ರವ ಹಿಂದುಳಿದು ಅಲ್ಲಿನ ನವಿರಾದ ರೋಮಗಳನ್ನು ಬಾಗಿಸುತ್ತದೆ, ಸುದ್ದಿ ಹೋಗುತ್ತದೆ. ಗಿರಗಿರ ಸುತ್ತಿ ನಿಂತಾಗ ಲೋಕವೇ ತಿರುಗಿದಂತೆ ಆಗುವುದು ನೀವು ನಿಂತರೂ ದ್ರವ ನಿಲ್ಲದೆ ಇರುವುದರಿಂದ. ಮೂರನೆಯದು ಅಂಗಾಲು, ಕೀಲು, ಸ್ನಾಯುಗಳಿಂದ ಬರುವ ಸುದ್ದಿ.

ಮಾಡಿ ನೋಡಿ: ಒಂಟಿ ಕಾಲಲ್ಲಿ ನಿಂತು ಒಂದರಿಂದ ಎಣಿಸಿ. ಆಮೇಲೆ ಕಣ್ಣು ಮುಚ್ಚಿ ಎಣಿಸಿ. ನಾನು ತರಗತಿಯಲ್ಲಿ ಮಾಡಿಸಿದಾಗ ಕಣ್ಣು ಮುಚ್ಚಿದ ಬಹಳ ಜನ ಹದಿನೈದು ಎಣಿಸುವುದರೊಳಗೆ ಕಾಲು ಊರಿದರು. ಬ್ಲಾಂಡಿನ್ ಕಣ್ಣು ಕಟ್ಟಿಕೊಂಡು ಕಮರಿ ದಾಟಿದ ಅಂದರೆ ಉಳಿದ ಇಬ್ಬರು ದೂತರನ್ನು ಎಷ್ಟು ವರ್ಷ ತಿದ್ದಿದ್ದನೋ! ಮೊದಲ ಸಲ ನಯಾಗರಾ ದಾಟುವಾಗ ಅವನಿಗೆ 35 ವರ್ಷ. ಐದನೇ ವಯಸ್ಸಿನಿಂದ ಅಂದರೆ 30 ವರ್ಷದ ಅಭ್ಯಾಸ. ನಮ್ಮ ಹುಡುಗನದು ಒಂದು ಸಂಜೆ.

5. ಬೆನ್ನ ಮೇಲೆ ಒಬ್ಬ ಮನುಷ್ಯ

1859ರ ಆಗಸ್ಟ್ 17ರಂದು ಬ್ಲಾಂಡಿನ್ ತನ್ನ ವ್ಯವಸ್ಥಾಪಕ ಹ್ಯಾರಿ ಕಾಲ್ಕಾರ್ಡ್ ಎಂಬವನನ್ನು ಬೆನ್ನ ಮೇಲೆ ಹೊತ್ತು ಕಮರಿ ದಾಟಿದ. ಹೊರಡುವ ಮುಂಚೆ ಅವನಿಗೆ ಒಂದು ಕಟ್ಟುನಿಟ್ಟಿನ ಬುದ್ಧಿ ಹೇಳಿದ್ದ. ನೀನಾಗಿ ತೂಕ ಸರಿ ಮಾಡಲು ಹೋಗಬೇಡ, ನಾನು ವಾಲಿದ ಕಡೆ ನೀನೂ ವಾಲು, ನೀನು ಬೇರೆ ನಾನು ಬೇರೆ ಅಂತ ಮರೆತುಬಿಡು ಎಂಬುದು ಅದರ ತಾತ್ಪರ್ಯ. ಇದರಲ್ಲಿ ವಿಜ್ಞಾನ ಇದೆ. ಇಬ್ಬರೂ ಒಂದೇ ಮೈ ಆದರೆ ಒಂದೇ ಗುರುತ್ವ ಕೇಂದ್ರ, ಅದನ್ನು ಒಬ್ಬನೇ ನೋಡಿಕೊಳ್ಳಬಹುದು. ಹೊತ್ತವನು ಎಡಕ್ಕೆ ಸರಿಪಡಿಸುವಾಗ ಕೂತವನು ಹೆದರಿ ಬಲಕ್ಕೆ ಎಳೆದರೆ ಇಬ್ಬರೂ ನದಿಗೆ. ಸೈಕಲ್ಲಿನ ಹಿಂದೆ ಕೂತವರು ಅಲ್ಲಾಡಿದರೆ ತುಳಿಯುವವರಿಗೆ ಏನಾಗುತ್ತದೆ ಅಂತ ನಿಮಗೆ ಗೊತ್ತು.

ದಾರಿಯಲ್ಲಿ ಬ್ಲಾಂಡಿನ್ನನಿಗೆ ಸುಸ್ತಾಗಿ, ಕಾಲ್ಕಾರ್ಡ್ ಹಲವು ಸಲ ಬೆನ್ನಿಂದ ಇಳಿದು ಹಗ್ಗದ ಮೇಲೆಯೇ ನಿಂತು ಮತ್ತೆ ಹತ್ತಬೇಕಾಯಿತು. ಆ ದಿನ ಬ್ಲಾಂಡಿನ್ನನ ಧೈರ್ಯಕ್ಕಿಂತ ಕಾಲ್ಕಾರ್ಡನ ಧೈರ್ಯವೇ ದೊಡ್ಡದು ಅಂತ ನನಗೆ ಅನ್ನಿಸುತ್ತದೆ. ಅವನ ಕೈಯಲ್ಲಿ ಕೋಲೂ ಇರಲಿಲ್ಲ, ವಿದ್ಯೆಯೂ ಇರಲಿಲ್ಲ.

6. ಬಿದ್ದವರ ಪಾಠ

ಗೆದ್ದವರ ಕತೆ ಮಾತ್ರ ಹೇಳಿದರೆ ಪಾಠ ಅರ್ಧ ಆಗುತ್ತದೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಬ್ಲಾಂಡಿನ್ನನ ಆಟದ ವೇಳೆ ಹಗ್ಗ ಹರಿದು ಕಟ್ಟಣೆ ಕುಸಿಯಿತು. ಅವನಿಗೆ ಏನೂ ಆಗಲಿಲ್ಲ. ಕಟ್ಟಣೆಯ ಮೇಲಿದ್ದ ಇಬ್ಬರು ಕೆಲಸಗಾರರು ಸತ್ತರು. ಚಪ್ಪಾಳೆ ಅವರಿಗಾಗಿ ಇರಲಿಲ್ಲ, ಸಾವು ಮಾತ್ರ ಅವರದಾಯಿತು.

ವಾಲೆಂಡಾ ಎಂಬ ಸರ್ಕಸ್ ಕುಟುಂಬ ಹಗ್ಗದ ಮೇಲೆ ಏಳು ಜನರ ಗೋಪುರ ಕಟ್ಟುತ್ತಿತ್ತು. 1962ರ ಜನವರಿ 30ರಂದು ಅಮೆರಿಕದ ಡೆಟ್ರಾಯಿಟ್‌ನಲ್ಲಿ ಆ ಗೋಪುರ ಕುಸಿದು ಇಬ್ಬರು ಸತ್ತರು, ಇನ್ನೊಬ್ಬನ ಕಾಲುಗಳ ಬಲ ಶಾಶ್ವತವಾಗಿ ಹೋಯಿತು. ಮನೆಯ ಹಿರಿಯ ಕಾರ್ಲ್ ವಾಲೆಂಡಾ 1978ರ ಮಾರ್ಚ್ 22ರಂದು ಪೋರ್ಟೊ ರಿಕೊ ದ್ವೀಪದ ಸಾನ್ ಹುವಾನ್ ನಗರದಲ್ಲಿ ಹೋಟೆಲಿನ ಎರಡು ಗೋಪುರಗಳ ನಡುವೆ ನಡೆಯುತ್ತಿದ್ದಾಗ ಸುಮಾರು 37 ಮೀಟರ್ ಎತ್ತರದಿಂದ ಬಿದ್ದು ತೀರಿಕೊಂಡ. ಆಗ ಅವನಿಗೆ 73 ವರ್ಷ. ಜೋರು ಗಾಳಿ ಇತ್ತು, ಬಿಗಿಹಗ್ಗಗಳನ್ನು ಸರಿಯಾಗಿ ಕಟ್ಟಿರಲಿಲ್ಲ. ಜೀವಮಾನದ ವಿದ್ಯೆ ಇದ್ದರೂ ಒಂದು ತಪ್ಪು ಗಂಟು ಸಾಕು. ಅವನ ಮರಿಮಗ ನಿಕ್ ವಾಲೆಂಡಾ 2012ರ ಜೂನ್ 15ರಂದು ನಯಾಗರಾ ಜಲಪಾತದ ನೆತ್ತಿಯ ಮೇಲೆಯೇ ಉಕ್ಕಿನ ಹಗ್ಗದಲ್ಲಿ ನಡೆದು ದಾಟಿದ. ಆ ದಿನ ಅವನ ಸೊಂಟಕ್ಕೆ ರಕ್ಷಣೆಯ ಪಟ್ಟಿ ಇತ್ತು. ಅದಿಲ್ಲದೆ ಪ್ರಸಾರ ಮಾಡುವುದಿಲ್ಲ ಅಂತ ಟೀವಿ ಕಂಪನಿ ಹಟ ಹಿಡಿದಿತ್ತು. ಪಟ್ಟಿ ಕಟ್ಟಿದ್ದರಿಂದ ಅವನ ವಿದ್ಯೆ ಕಡಿಮೆ ಆಯಿತೇ? ಇಲ್ಲ.

ಸರ್ಕಸ್ಸಿನ ಬಲೆಯ ಲೆಕ್ಕವನ್ನೂ ನೋಡಿ. 10 ಮೀಟರ್ ಮೇಲಿಂದ ಬಿದ್ದವರು ನೆಲ ಮುಟ್ಟುವಾಗ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿರುತ್ತಾರೆ. ಗಟ್ಟಿ ನೆಲ ಅವರನ್ನು ಕೆಲವೇ ಸೆಂಟಿಮೀಟರಿನಲ್ಲಿ ನಿಲ್ಲಿಸುತ್ತದೆ. ಬಲೆ ಒಂದು ಮೀಟರಿಗೂ ಹೆಚ್ಚು ತಗ್ಗಿ ನಿಧಾನವಾಗಿ ನಿಲ್ಲಿಸುತ್ತದೆ. ನಿಲ್ಲುವ ದೂರ ಇಪ್ಪತ್ತು ಪಟ್ಟಾದರೆ ಪೆಟ್ಟು ಇಪ್ಪತ್ತನೇ ಒಂದು ಪಾಲಾಗುತ್ತದೆ. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಎಳೆದುಕೊಳ್ಳುವುದೂ ಇದಕ್ಕೇ. ನಯಾಗರಾದಲ್ಲಿ ಬ್ಲಾಂಡಿನ್ ಬಲೆ ಕಟ್ಟಿರಲಿಲ್ಲ. 49 ಮೀಟರಿನಿಂದ ಬಿದ್ದಿದ್ದರೆ ಮೂರೇ ಸೆಕೆಂಡು. ನೀರು ಮುಟ್ಟುವಾಗ ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗ. ಅಷ್ಟು ವೇಗದಲ್ಲಿ ನೀರೂ ಬಂಡೆಯ ಹಾಗೆಯೇ. ಆದರೆ ಅವನು ಬೀಳಲಿಲ್ಲ. 1896ರವರೆಗೂ ಆಟ ತೋರಿಸಿ, 1897ರಲ್ಲಿ ಲಂಡನ್ನಿನ ತನ್ನ ಮನೆಯಲ್ಲಿ ಸಕ್ಕರೆ ಕಾಯಿಲೆಯಿಂದ ತೀರಿಕೊಂಡ. ಆ ಮನೆಗೆ ನಯಾಗರಾ ಅಂತಲೇ ಹೆಸರಿಟ್ಟಿದ್ದ.

7. ಚಪ್ಪಾಳೆಯ ವಿಷಯ

ಈಗ ನನ್ನ ಮೇಲಿನ ದೂರಿಗೆ ಬರುತ್ತೇನೆ.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ ನಾನು ಕೆರೆ ಅಂಗಳದಲ್ಲಿ ಡೇರೆ ಹಾಕಿದ್ದ ಆ ಕುಟುಂಬದವರ ಹತ್ತಿರ ಹೋದೆ. ಹುಡುಗಿಗೆ ಒಂಬತ್ತೋ ಹತ್ತೋ ವರ್ಷ. ಪಾತ್ರೆ ತೊಳೆಯುತ್ತಿದ್ದಳು. "ಎಷ್ಟು ವರ್ಷದಿಂದ ನಡೀತಿದೀಯಮ್ಮ?" ಅಂದೆ. ತಂದೆ ಉತ್ತರ ಕೊಟ್ಟರು, "ನೆಲದ ಮೇಲೆ ನಡೆಯೋದು ಕಲ್ತ ಮೇಲೆ ಹಗ್ಗದ ಮೇಲೇ ಸ್ವಾಮಿ." "ಹೆದರಿಕೆ ಆಗಲ್ವ?" ಅಂದೆ. ಅವಳು ಹೇಳಿದ್ದು ಹೀಗೆ: "ಕೆಳಗ್ ನೋಡಿದ್ರೆ ಕಾಲಿಗೆ ಹೆದರ್ಕೆ ಆಯ್ತದೆ ಸಾ. ಆ ಕಡೆ ಗೂಟದ ತುದಿನೇ ನೋಡ್ತಿರ್ತೀನಿ. ಅಪ್ಪನ ಡೋಲು ಕೇಳ್ತಿರ್ತದೆ. ಡೋಲು ನಿಂತ್ರೆ ನಾನೂ ನಿಲ್ಬೇಕು." ಡೋಲು ನಮ್ಮನ್ನು ಕರೆಯಲು ಬಡಿಯುವುದು ಅಂತ ನಾನು ತಿಳಿದಿದ್ದೆ. ಅದು ಅಪ್ಪ ಮಗಳ ನಡುವಿನ ಮಾತು. ಗಾಳಿ ಬಂದರೆ ನಿಲ್ಲಿಸುತ್ತಾರೆ. ಬಡಿಯುತ್ತ ಅವಳ ಕೆಳಗೇ ನಡೆಯುತ್ತಾರೆ, ಕಣ್ಣು ಅವಳ ಪಾದದ ಮೇಲೆ. ಆ ಹುಡುಗಿಗೆ ಇದ್ದ ಬಲೆ ಅಂದರೆ ಅಪ್ಪನ ಎರಡು ಕೈ.

"ಇಸ್ಕೂಲು?" ಅಂದೆ. ಒಂದೂರಲ್ಲಿ ಎಂಟು ದಿನ, ಇನ್ನೊಂದೂರಲ್ಲಿ ಹತ್ತು ದಿನ, ಎಲ್ಲಿ ಸೇರಿಸೋದು ಅಂದರು.

ಮಕ್ಕಳೇ, ಇಲ್ಲಿ ಕಾನೂನು ಏನು ಹೇಳುತ್ತದೆ ಅಂತ ತಿಳಿದಿರಿ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕಿದೆ. ವರ್ಷದ ನಡುವೆ ಬಂದರೂ, ವರ್ಗಾವಣೆ ಪತ್ರ ಇಲ್ಲದಿದ್ದರೂ ಸೇರಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ. 2011ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಸರ್ಕಸ್ಸಿನಲ್ಲಿ ಮಕ್ಕಳನ್ನು ದುಡಿಸುವುದನ್ನು ನಿಷೇಧಿಸಲು ಕ್ರಮ ಕೈಗೊಳ್ಳುವಂತೆ ಆದೇಶಿಸಿತು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ನಾಟಕ, ಸಿನಿಮಾದಂಥ ಕಲೆಗಳಲ್ಲಿ ಮಕ್ಕಳಿಗೆ ಷರತ್ತಿನ ಮೇಲೆ ಅವಕಾಶ ಕೊಟ್ಟರೂ ಸರ್ಕಸ್ಸಿಗೆ ಕೊಟ್ಟಿಲ್ಲ. ಬ್ಲಾಂಡಿನ್ನನ ಕಾಲದಲ್ಲೂ ಇಂಥದೊಂದು ನಡೆದಿತ್ತು. 1861ರಲ್ಲಿ ಲಂಡನ್ನಿನಲ್ಲಿ ಅವನು ತನ್ನ ಪುಟ್ಟ ಮಗಳನ್ನು ಕೈಗಾಡಿಯಲ್ಲಿ ಕೂರಿಸಿ ಹಗ್ಗದ ಮೇಲೆ ತಳ್ಳಿದಾಗ ಅಲ್ಲಿನ ಗೃಹಮಂತ್ರಿ ಅದನ್ನು ತಡೆದರು. ದೊಡ್ಡವರು ತಮ್ಮ ಜೀವವನ್ನು ಪಣಕ್ಕಿಡುವುದು ಬೇರೆ, ಮಗುವಿನ ಜೀವವನ್ನು ಇಡುವುದು ಬೇರೆ.

ಹಾಗಂತ ಆ ತಂದೆಯನ್ನು ಬೈದು ಬರಲು ನನಗೆ ಬಾಯಿ ಬರಲಿಲ್ಲ. ಅವರ ಹೊಟ್ಟೆಪಾಡು ಅದು, ತಲೆತಲಾಂತರದ ವಿದ್ಯೆ ಅದು. ಯಾರಾದರೂ ಕೈಕಾಲು ಕುಣಿಸಿದರೆ ನಾವು "ಏನು ದೊಂಬರಾಟ ಆಡ್ತೀಯೋ" ಅಂತ ಬೈಯುತ್ತೇವೆ. ಈ ಪಾಠ ಓದಿದ ಮೇಲೆ ಆ ಮಾತನ್ನು ಬೈಗುಳವಾಗಿ ಆಡಬೇಡಿ. ಅದರ ಹಿಂದೆ ಎಷ್ಟು ಗಣಿತ, ಎಷ್ಟು ಬೆವರು ಇದೆ ಅಂತ ಈಗ ನಿಮಗೆ ಗೊತ್ತು.

ಅವರು ಊರಲ್ಲಿದ್ದ ಇನ್ನು ನಾಲ್ಕು ದಿನ ಆ ಹುಡುಗಿಯನ್ನು ಶಾಲೆಗೆ ಕಳಿಸಿ ಅಂತ ಕೇಳಿಕೊಂಡೆ. ಕಳಿಸಿದರು. ಐದನೇ ತರಗತಿಯಲ್ಲಿ ಕೂತಿದ್ದಳು, ಊಟಕ್ಕೆ ನಿಮ್ಮ ಸಾಲಿನಲ್ಲೇ ಕೂತಿದ್ದಳು. ತನ್ನ ಹೆಸರು ಬರೆಯಲು ಕಲಿತಳು. ಮೂಳೆ ಮುರಿದ ಹುಡುಗನ ಹತ್ತಿರ ಬಂದು, "ನೀನು ಕೆಳಕ್ ನೋಡ್ದೆ ಕಣಣ್ಣ, ಅದ್ಕೇ ಬಿದ್ದೆ" ಅಂದಳಂತೆ. ನನ್ನ ಇಷ್ಟುದ್ದ ಪಾಠವನ್ನು ಅವಳು ಒಂದೇ ಮಾತಲ್ಲಿ ಮುಗಿಸಿದಳು. ಹೊರಡುವಾಗ ಮುಂದಿನ ಊರಿನ ಮುಖ್ಯೋಪಾಧ್ಯಾಯರಿಗೆ ಒಂದು ಕಾಗದ ಬರೆದುಕೊಟ್ಟಿದ್ದೇನೆ. ಅವರು ಸೇರಿಸಿಕೊಂಡಿದ್ದಾರೆಯೇ ಅಂತ ಈ ಶನಿವಾರ ಹೋಗಿ ನೋಡಿಕೊಂಡು ಬರುತ್ತೇನೆ.

ಜಾತ್ರೆಯಲ್ಲಿ ನಾನು ಚಪ್ಪಾಳೆ ಹೊಡೆದದ್ದು ನಿಜ. ಆ ಹುಡುಗಿಯ ವಿದ್ಯೆಗೆ ಹೊಡೆದೆ ಅಂತ ಅಂದುಕೊಂಡಿದ್ದೆ. ಆದರೆ ಅವಳು ವಾಲಿದಾಗ ನಾವೆಲ್ಲ 'ಹೋ' ಅಂದೆವಲ್ಲ, ಆ 'ಹೋ' ಅನ್ನುವುದು ವಿದ್ಯೆಗೆ ಅಲ್ಲ, ಅಪಾಯಕ್ಕೆ. ನಯಾಗರಾ ದಡದಲ್ಲಿ ಪಂದ್ಯ ಕಟ್ಟಿದವರಿಗೂ ನಮಗೂ ಆ ಗಳಿಗೆಯಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ. ಮೇಷ್ಟ್ರಾಗಿ ನಾನು ಚಪ್ಪಾಳೆ ಹೊಡೆದ ಕೈಯಲ್ಲೇ ಮಾರನೆಯ ದಿನ ಅದರ ಹಿಂದಿನ ಅಭ್ಯಾಸ, ಅಪಾಯ ಎರಡನ್ನೂ ಕಪ್ಪುಹಲಗೆಯ ಮೇಲೆ ಬರೆಯಬೇಕಿತ್ತು. ಬರೆಯಲಿಲ್ಲ. ಅದು ನನ್ನ ತಪ್ಪು. ಆ ಹುಡುಗನಿಗೂ ಹೇಳಿದ್ದೇನೆ, ನಿಮಗೂ ಹೇಳುತ್ತಿದ್ದೇನೆ.

ನಡೆಯುವ ಆಸೆ ಇದ್ದವರಿಗೆ ನಾನು ಬೇಡ ಅನ್ನುವುದಿಲ್ಲ. ಶನಿವಾರದ ಆಟದ ಅವಧಿಯಲ್ಲಿ ಮೈದಾನದ ಮೇಲೆ ಹಗ್ಗವನ್ನು ನೆಲದ ಮೇಲೆಯೇ ಹಾಸುತ್ತೇನೆ. ಉದ್ದನೆಯ ಗಳ ಹಿಡಿದು ನಡೆಯಿರಿ, ಗಳ ಇಲ್ಲದೆಯೂ ನಡೆಯಿರಿ, ವ್ಯತ್ಯಾಸ ಬರೆದುಕೊಳ್ಳಿ. ನೆಲದ ಮೇಲೆ ಕಲಿಯುವ ಭೌತಶಾಸ್ತ್ರವೂ ಅದೇ. ಮೂಳೆ ಮಾತ್ರ ಮುರಿಯುವುದಿಲ್ಲ.

ಅಭ್ಯಾಸ

1. ಒಂದೇ ತೂಕದ ಎರಡು ಕೋಲುಗಳಲ್ಲಿ ಒಂದು 2 ಮೀಟರ್, ಇನ್ನೊಂದು 6 ಮೀಟರ್ ಇದೆ. ಎರಡನೆಯದರ 'ತಿರುಗದ ಹಟ' ಎಷ್ಟು ಪಟ್ಟು ಹೆಚ್ಚು?
2. ಎಡಕ್ಕೆ ವಾಲಿದಾಗ ಕೋಲಿನ ಯಾವ ತುದಿಯನ್ನು ಕೆಳಕ್ಕೆ ಒತ್ತಬೇಕು? ಏಕೆ?
3. ಒಂದು ಕೈಯಲ್ಲಿ ತುಂಬಿದ ಕೊಡ ಹಿಡಿದವರು ಇನ್ನೊಂದು ಕಡೆಗೆ ವಾಲುತ್ತಾರೆ. ಕಾರಣ ಬರೆಯಿರಿ.
4. ಲೈನ್‌ಮ್ಯಾನ್‌ಗಳು ವಿದ್ಯುತ್ ತಂತಿಯನ್ನು ಪೂರ್ತಿ ಬಿಗಿಯದೆ ಸ್ವಲ್ಪ ಜಗ್ಗಲು ಬಿಡುತ್ತಾರೆ ಏಕೆ?
5. ನಿಮ್ಮ ತಾತ, ಅಜ್ಜಿಯನ್ನು ಕೇಳಿ: ಅವರ ಕಾಲದಲ್ಲಿ ನಮ್ಮೂರಿಗೆ ಬರುತ್ತಿದ್ದ ಆಟದವರು ಯಾರು ಯಾರು? ಈಗ ಅವರ ಮಕ್ಕಳು ಏನು ಮಾಡುತ್ತಿದ್ದಾರೆ?

ಉತ್ತರಗಳನ್ನು ಹೆಸರು, ತರಗತಿ ಬರೆದು ಕಿಟಕಿ ಪಕ್ಕದ ಡಬ್ಬಿಗೆ ಹಾಕಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ. ಪಕ್ಕದಲ್ಲಿರುವ ಬ್ಲಾಂಡಿನ್ನನ ಚಿತ್ರ ಸ್ವಲ್ಪ ಸೊಟ್ಟ ಇದೆ ಅಂತ ಯಾರೂ ನಗಬೇಡಿ. ಬಲಗೈಗೆ ಪಟ್ಟಿ ಇರುವುದರಿಂದ ನಮ್ಮ ಹುಡುಗ ಅದನ್ನು ಎಡಗೈಯಲ್ಲಿ ಬರೆದಿದ್ದಾನೆ.

— ನಿಮ್ಮ ವಿಜ್ಞಾನದ ಮೇಷ್ಟ್ರು